ಲೋಹ ಗಟ್ಟಿ ಇದೆ, ಚಿತ್ರ ಯಾರದು?

ಕಲಬುರಗಿಯ ಹೊಸ ಬಡಾವಣೆಗಳಲ್ಲಿ ಗೃಹಪ್ರವೇಶಕ್ಕೆ ಹೋದವರಿಗೆ ಸೋಫಾದ ಹಿಂದಿನ ಗೋಡೆ ಮನೆ ಮನೆಗೂ ಒಂದೇ ತರಹ ಕಾಣತೊಡಗಿದೆ. ಗಾಜು ಹಾಕಿ ಕಟ್ಟಿಸಿದ ಫೋಟೊ ಇರುತ್ತಿದ್ದ ಜಾಗಕ್ಕೆ ಅಲ್ಯೂಮಿನಿಯಂ ತಗಡಿನ ಮೇಲೆ ಅಚ್ಚಾದ ಚಿತ್ರ ಬಂದಿದೆ. ಒಬ್ಬರಲ್ಲಿ ವ್ಯಾನ್ ಗೋನ ನಕ್ಷತ್ರದ ರಾತ್ರಿ, ಇನ್ನೊಬ್ಬರಲ್ಲಿ ರವಿವರ್ಮನ ಸರಸ್ವತಿ, ಮಗದೊಬ್ಬರಲ್ಲಿ ಬುದ್ಧ ಅಥವಾ ಬಸವಣ್ಣ; ಎಲ್ಲೂ ಏನೂ ಇಲ್ಲದಿದ್ದರೆ ವಾಸ್ತುವಿನವರು ಹೇಳಿದ ಏಳು ಕುದುರೆ. ಮೊಬೈಲಿನಲ್ಲಿ ಬರುವ ಜಾಹೀರಾತುಗಳೆಲ್ಲ ಒಂದೇ ರಾಗ ಹಾಡುತ್ತವೆ: ತುಕ್ಕು ಹಿಡಿಯಲ್ಲ, ಮಾಸಲ್ಲ, ನೀರು ಬಿದ್ದರೆ ಒರೆಸಿದರಾಯಿತು. ಊರಿನ ಅಂಗಡಿಯವರೂ ಅದನ್ನೇ ನಮ್ಮ ಮಾತಿನಲ್ಲಿ ಹೇಳುತ್ತಾರೆ, "ಮೆಟಲ್ ಅದ ರೀ, ಏನೂ ಆಗಂಗಿಲ್ಲ."

ಇವೆಲ್ಲ ತಗಡಿನ ಗುಣಗಾನ. ತಗಡಿನ ಮೇಲಿರುವ ಚಿತ್ರ ಎಲ್ಲಿಂದ ಬಂತು, ಅದನ್ನು ಮಾರುವ ಹಕ್ಕು ಮಾರುವವನಿಗೆ ಇದೆಯೇ, ಮೂಲದಲ್ಲಿದ್ದ ಚಿತ್ರ ಇಲ್ಲಿ ಪೂರ್ತಿ ಇದೆಯೇ ಎಂದು ಒಂದು ಸಾಲೂ ಇರುವುದಿಲ್ಲ. ನನ್ನ ತಕರಾರು ಇಷ್ಟೇ: ಕೊಳ್ಳುವವರು ಈ ಪ್ರಶ್ನೆಗಳನ್ನು ಮೊದಲು ಕೇಳಬೇಕು, ತಗಡಿನ ವಿಚಾರ ಆಮೇಲೆ. ಲೋಹ ಬಾಳಿಕೆ ಬರುತ್ತದೆ ಎಂಬುದು ನಿಜವೇ ಆದರೆ ಹಾಳು ಚಿತ್ರವೂ ಅಷ್ಟೇ ವರ್ಷ ಬಾಳುತ್ತದೆ.

ಹಾಗೆಂದು ತಗಡಿನ ವಿಚಾರ ಸಣ್ಣದಲ್ಲ, ಯಾಕೆಂದರೆ ಒಂದೇ ಹೆಸರಿನಲ್ಲಿ ಕನಿಷ್ಠ ಮೂರು ಸರಕು ಮಾರಾಟವಾಗುತ್ತಿವೆ. ಮೊದಲನೆಯದು ಸಬ್ಲಿಮೇಷನ್. ಹುಟ್ಟುಹಬ್ಬಕ್ಕೆ ಮಗ್ ಮೇಲೆ ಫೋಟೊ ಹಾಕಿಸುತ್ತೀರಲ್ಲ, ಅದೇ ವಿದ್ಯೆ. ಚಿತ್ರವನ್ನು ವಿಶೇಷ ಶಾಯಿಯಿಂದ ಕಾಗದದ ಮೇಲೆ ತಿರುಗುಮುರುಗಾಗಿ ಅಚ್ಚು ಹಾಕಿ, ಪಾಲಿಮರ್ ಲೇಪನವಿರುವ ಅಲ್ಯೂಮಿನಿಯಂ ಹಾಳೆಗೆ ಒತ್ತಿಟ್ಟು ಸುಮಾರು 200 ಡಿಗ್ರಿ ಸೆಲ್ಸಿಯಸ್ ಬಿಸಿ ಕೊಡುತ್ತಾರೆ. ಶಾಯಿ ಕರಗಿ ನೀರಾಗದೆ ನೇರವಾಗಿ ಆವಿಯಾಗಿ ಆ ಲೇಪನದೊಳಗೆ ಇಳಿಯುತ್ತದೆ, ತಣ್ಣಗಾದ ಮೇಲೆ ಅಲ್ಲೇ ಸೆರೆಯಾಗುತ್ತದೆ. ಬೆರಳಾಡಿಸಿದರೆ ಶಾಯಿ ಕೈಗೆ ತಾಗುವುದಿಲ್ಲ, ಉಗುರಿಗೆ ಸುಲಭಕ್ಕೆ ಏಳುವುದಿಲ್ಲ. ಹೊರದೇಶದ ಛಾಯಾಗ್ರಾಹಕರು, ಗ್ಯಾಲರಿಗಳು ಲೋಹದ ಮುದ್ರಣ ಎಂದಾಗ ಹೆಚ್ಚಾಗಿ ಹೇಳುವುದು ಇದನ್ನೇ.

ಎರಡನೆಯದು ಯುವಿ ಪ್ರಿಂಟ್. ಅಂಗಡಿ ಬೋರ್ಡುಗಳಿಗೆ ಬಳಸುವ ಎಸಿಪಿ ಶೀಟ್ ಇದೆಯಲ್ಲ, ಎರಡು ತೆಳು ಅಲ್ಯೂಮಿನಿಯಂ ಪದರಗಳ ನಡುವೆ ಪ್ಲಾಸ್ಟಿಕ್ ಇರುವಂಥದ್ದು, ಅದರ ಮೇಲೆ ಯಂತ್ರ ನೇರವಾಗಿ ಶಾಯಿ ಸಿಂಪಡಿಸಿ ಅತಿನೇರಳೆ ದೀಪದಿಂದ ಅಲ್ಲೇ ಗಟ್ಟಿ ಮಾಡುತ್ತದೆ. ಶಾಯಿ ಮೇಲ್ಮೈ ಮೇಲೇ ಕೂತಿರುವುದರಿಂದ ಗೀರು ಬೇಗ ಬೀಳುತ್ತದೆ. ಬಿಸಿಲಿಗೆ ಮಾತ್ರ ಸಬ್ಲಿಮೇಷನ್‌ಗಿಂತ ಸಾಮಾನ್ಯವಾಗಿ ಚೆನ್ನಾಗಿ ತಡೆಯುತ್ತದೆ. ಮೂರನೆಯದು ವಿನೈಲ್ ಸ್ಟಿಕರ್ ಮೇಲೆ ಅಚ್ಚು ಹಾಕಿ ಎಸಿಪಿಗೆ ಅಂಟಿಸಿದ್ದು. ಅದಕ್ಕೂ ಲೋಹದ ಬೆಲೆಯನ್ನೇ ಹೇಳುವವರಿದ್ದಾರೆ. ಮೂಲೆಯನ್ನು ಉಗುರಿನಿಂದ ಕೆದಕಿ ನೋಡಿ, ಸ್ಟಿಕರ್ ಇದ್ದರೆ ಅಂಚು ಏಳುತ್ತದೆ.

ಇವಲ್ಲದೆ ಆನ್‌ಲೈನ್‌ನಲ್ಲಿ ಅಗ್ಗಕ್ಕೆ ಸಿಗುವ ತಗಡಿನ ಪೋಸ್ಟರುಗಳು ಬೇರೆ. ಅವು ಹೆಚ್ಚಾಗಿ ತೆಳು ಉಕ್ಕು. ಫ್ರಿಜ್ಜಿನ ಮೇಲಿನ ಅಯಸ್ಕಾಂತ ತಂದು ಮುಟ್ಟಿಸಿದರೆ ಗೊತ್ತಾಗುತ್ತದೆ, ಅಲ್ಯೂಮಿನಿಯಂಗೆ ಅದು ಹಿಡಿಯುವುದಿಲ್ಲ. ಉಕ್ಕು ಅಂದಾಕ್ಷಣ ಕೆಟ್ಟದ್ದೆಂದಲ್ಲ. ಪೋಲೆಂಡ್‌ನ ಡಿಸ್‌ಪ್ಲೇಟ್ ಕಂಪನಿ ಉಕ್ಕಿನ ಹಾಳೆಯನ್ನೇ ಅಯಸ್ಕಾಂತದಿಂದ ಗೋಡೆಗೆ ನಿಲ್ಲಿಸುವ ಉಪಾಯ ಮಾಡಿ ದೊಡ್ಡ ವ್ಯಾಪಾರ ಕಟ್ಟಿದೆ. ಆದರೆ ಲೇಪನ ಸರಿಯಿಲ್ಲದ ಅಗ್ಗದ ತಗಡಿನಲ್ಲಿ ಕತ್ತರಿಸಿದ ಅಂಚಿನಿಂದಲೇ ತುಕ್ಕು ಶುರುವಾಗುತ್ತದೆ, ಬಾತ್‌ರೂಮಿನ ಪಕ್ಕದ ಗೋಡೆಯಲ್ಲಿ ಇನ್ನೂ ಬೇಗ. ಮದುವೆ ಆಲ್ಬಂನವರು ಹೇಳುವ ಮೆಟಾಲಿಕ್ ಪೇಪರ್‌ನಲ್ಲಂತೂ ಲೋಹದ ಹಾಳೆಯೇ ಇಲ್ಲ. ಅದು ಮಿರುಗುವ ಫೋಟೊ ಕಾಗದ.

ಬಾಳಿಕೆಯ ಮಾತಿಗೆ ಬರೋಣ. ಅರವತ್ತು ವರ್ಷ, ನೂರು ವರ್ಷ ಎಂದು ಜಾಹೀರಾತಿನಲ್ಲಿ ಬರುವ ಅಂಕಿಗಳು ಪೂರಾ ಬುರುಡೆ ಅಲ್ಲ, ಆದರೆ ಅವುಗಳ ಹಿಂದೆ ಒಂದು ಷರತ್ತು ಇದೆ. ಮುದ್ರಣದ ಬಾಳಿಕೆ ಅಳೆಯುವುದರಲ್ಲಿ ಹೆಸರಾದ ಅಮೆರಿಕದ ವಿಲ್ಹೆಲ್ಮ್ ಇಮೇಜಿಂಗ್ ರಿಸರ್ಚ್ ಸಂಸ್ಥೆ ಚಿತ್ರದ ಮೇಲೆ ದಿನಕ್ಕೆ 12 ಗಂಟೆ, 450 ಲಕ್ಸ್ ಬೆಳಕು ಬೀಳುತ್ತದೆ ಎಂದು ಹಿಡಿದು ವರ್ಷಗಳ ಲೆಕ್ಕ ಹೇಳುತ್ತದೆ. ಅಂದರೆ ನೇರ ಬಿಸಿಲು ಬೀಳದ, ಹದವಾಗಿ ಬೆಳಕಿರುವ ಕೋಣೆ. ನೆತ್ತಿಯ ಮೇಲಿನ ಬಿಸಿಲು ಸುಮಾರು 1,00,000 ಲಕ್ಸ್. ಗುಣಿಸಿ ನೋಡಿದರೆ ಅಂಥ ಬಿಸಿಲಿನ ಒಂದು ಗಂಟೆ ಆ ಲೆಕ್ಕದ 18 ದಿನಕ್ಕೆ ಸಮ. ಪಶ್ಚಿಮದ ಕಿಟಕಿಯಿಂದ ಇಳಿಹೊತ್ತಿನಲ್ಲಿ ಅದರ ಅರ್ಧ ಬಿದ್ದರೂ ದಿನವೂ ಒಂದೊಂದು ಗಂಟೆಗೆ ಒಂಬತ್ತು ದಿನದ ಆಯಸ್ಸು ಹೋಗುತ್ತದೆ. ಏಪ್ರಿಲ್, ಮೇನಲ್ಲಿ ನಮ್ಮ ಬಿಸಿಲು ಹೇಗಿರುತ್ತದೆಂದು ಕಲಬುರಗಿ, ಯಾದಗಿರಿಯವರಿಗೆ ಹೇಳಬೇಕಾಗಿಲ್ಲ. ಉರಿ 42 ಡಿಗ್ರಿ ದಾಟಿದರೂ ಅಲ್ಯೂಮಿನಿಯಂಗೆ ಏನೂ ಅಲ್ಲ, 200 ಡಿಗ್ರಿ ತಿಂದು ಬಂದ ಹಾಳೆ ಅದು. ಹೊಡೆತ ಬೀಳುವುದು ಬಣ್ಣಕ್ಕೆ, ಹೊಡೆಯುವುದು ಬೆಳಕು. ಆದ್ದರಿಂದ ಸಬ್ಲಿಮೇಷನ್ ಚಿತ್ರವನ್ನು ವರಾಂಡಕ್ಕೆ, ಗೇಟಿನ ಪಕ್ಕಕ್ಕೆ, ಪಡಸಾಲೆಯ ಬಿಸಿಲು ಬೀಳುವ ಗೋಡೆಗೆ ಹಾಕಬಾರದು. ಅಲ್ಲೇ ಬೇಕೆಂದರೆ ಯುವಿ ಪ್ರಿಂಟ್ ಮಾಡಿಸಿ, ಅದೂ ಎಂದಾದರೊಂದು ದಿನ ಮಾಸುತ್ತದೆ ಎಂದು ಒಪ್ಪಿಕೊಂಡು.

ಇನ್ನೊಂದು ಕಿರಿಕಿರಿ ಹೊಳಪು. ನುಣುಪು ಹಾಳೆ ಅಂಗಡಿಯ ದೀಪದಲ್ಲಿ ಕಣ್ಣು ಕೋರೈಸುತ್ತದೆ. ಮನೆಗೆ ತಂದು ಕಿಟಕಿಯ ಎದುರು ಹಾಕಿದರೆ ಮಧ್ಯಾಹ್ನವೆಲ್ಲ ಅದರಲ್ಲಿ ಕಾಣುವುದು ಕಿಟಕಿಯೇ. ನಮ್ಮ ಭಾಗದ ಬೆಳಕಿಗೆ ಮ್ಯಾಟ್, ಅಂದರೆ ಹೊಳಪಿಲ್ಲದ ಮೇಲ್ಮೈಯೇ ಸರಿ ಎಂಬುದು ನನ್ನ ಅಭಿಪ್ರಾಯ. ಬಣ್ಣದ ಗಾಢತೆ ತುಸು ಕಡಿಮೆಯಾದರೂ ಚಿತ್ರವಂತೂ ಕಾಣುತ್ತದೆ.

ತೂಕದ ಚಿಂತೆ ಬೇಡ. ಎರಡು ಅಡಿ ಅಗಲ, ಮೂರು ಅಡಿ ಉದ್ದದ, ಒಂದು ಮಿಲಿಮೀಟರಿಗಿಂತ ತುಸು ದಪ್ಪದ ಅಲ್ಯೂಮಿನಿಯಂ ಹಾಳೆ ಎರಡು ಕಿಲೋ ಕೂಡ ಇಲ್ಲ. ಅದೇ ಅಳತೆಯ 4 ಮಿಲಿಮೀಟರ್ ಗಾಜು ಐದೂವರೆ ಕಿಲೋ ತೂಗುತ್ತದೆ. ಹಳೆಯ ಕಲ್ಲಿನ ಗೋಡೆಗೆ ಡ್ರಿಲ್ ಹಾಕುವಾಗ ಕಲ್ಲಿಗೆ ಹಾಕುವುದೋ ಸಂದಿಗೆ ಹಾಕುವುದೋ ನೋಡಿಕೊಂಡರೆ ಸಾಕು. ಬೀದರಿನ ಜಂಬಿಟ್ಟಿಗೆ ಗೋಡೆಯಲ್ಲಿ ಸ್ಕ್ರೂ ಸಡಿಲಾಗುತ್ತದೆ, ಉದ್ದನೆಯ ಪ್ಲಗ್ ಬೇಕು. ಗೆದ್ದಲು ಮುಟ್ಟುವುದಿಲ್ಲ ಎಂಬ ಮಾತು ಹಾಳೆಯ ಮಟ್ಟಿಗೆ ದಿಟ. ಹಿಂದೆ ಅಂಟಿಸಿರುವ ಪಟ್ಟಿ ಎಂಡಿಎಫ್ (ಮರದ ನಾರು ಒತ್ತಿ ಮಾಡಿದ ಹಲಗೆ) ಆಗಿದ್ದರೆ ಗೆದ್ದಲು ಅಲ್ಲಿಗೆ ಬರುತ್ತದೆ, ಮಳೆಗಾಲದ ತೇವಕ್ಕೆ ಅದು ಉಬ್ಬುತ್ತದೆ ಕೂಡ. ಚಿತ್ರ ತಿರುಗಿಸಿ ಹಿಂಬದಿ ನೋಡದೆ ದುಡ್ಡು ಕೊಡಬೇಡಿ. ಒರೆಸುವಾಗ ಬೋರ್‌ವೆಲ್ ನೀರು ಬೇಡ. ಸುಣ್ಣಕಲ್ಲಿನ ನೆಲದ ಗಡಸು ನೀರು ಒಣಗಿದ ಮೇಲೆ ಬಿಳಿ ಕಲೆ ಬಿಡುತ್ತದೆ. ಒಣ ಮೆತ್ತನೆ ಬಟ್ಟೆ, ಬೇಕೇ ಬೇಕೆಂದರೆ ಫಿಲ್ಟರ್ ನೀರು.

ಈಗ ಚಿತ್ರ. ಮೋಸ ಹೆಚ್ಚಾಗಿ ನಡೆಯುವುದು ಇಲ್ಲಿ, ಅದೂ ಎಷ್ಟೋ ಸಲ ಮಾರುವವನಿಗೇ ಅರಿವಿಲ್ಲದೆ. ಎರಡಡಿ ಮೂರಡಿ ಚಿತ್ರ ತಕ್ಕಮಟ್ಟಿಗೆ ಸ್ಪಷ್ಟವಾಗಿ ಬರಲು ಇಂಚಿಗೆ 150 ಪಿಕ್ಸೆಲ್ ಬೇಕು ಎಂದುಕೊಳ್ಳಿ, ಫೈಲು 3600 ಗುಣಿಲೆ 5400 ಪಿಕ್ಸೆಲ್ ಇರಬೇಕು. ಹತ್ತಿರ ನಿಂತು ನೋಡುವ ಚಿತ್ರಕ್ಕೆ ಇದರ ಎರಡು ಪಟ್ಟಿದ್ದರೆ ಒಳ್ಳೆಯದು. ವಾಟ್ಸ್‌ಆ್ಯಪ್‌ನಲ್ಲಿ ಮಾಮೂಲಿಯಾಗಿ ಕಳಿಸಿದ ಫೋಟೊ ಉದ್ದದ ಬದಿಗೆ ಸುಮಾರು 1600 ಪಿಕ್ಸೆಲ್‌ಗೆ ಇಳಿದಿರುತ್ತದೆ. ಅದನ್ನು ಮೂರಡಿಗೆ ಹಿಗ್ಗಿಸಿದರೆ ಇಂಚಿಗೆ 44. ಮೊಬೈಲಿನ ಪರದೆಯಲ್ಲಿ ಚೆಂದ ಕಂಡದ್ದು ಗೋಡೆಯ ಮೇಲೆ ಮಂಜಾಗುವುದು ಇದರಿಂದಲೇ. ಕಂಪ್ಯೂಟರಿನಲ್ಲಿ ದೊಡ್ಡದು ಮಾಡಿ ಕೊಡುತ್ತೇವೆ ಎನ್ನುತ್ತಾರೆ, ಮಾಡುತ್ತಾರೆ ಕೂಡ. ಆದರೆ ಆ ತಂತ್ರಾಂಶ ಇಲ್ಲದ ವಿವರವನ್ನು ಊಹಿಸಿ ತುಂಬುತ್ತದೆ. ರವಿವರ್ಮನ ಸೀರೆಯ ನೆರಿಗೆಯಲ್ಲಿ ರವಿವರ್ಮ ಹಾಕದ ಗೆರೆಗಳು ಬಂದು ಕೂರುತ್ತವೆ.

ಆಕಾರದ ಕಥೆಯೂ ಇದೇ. ಆಸ್ಟ್ರಿಯಾದ ಚಿತ್ರಕಾರ ಕ್ಲಿಮ್ಟ್‌ನ "ಕಿಸ್" ಮೂಲದಲ್ಲಿ 180 ಸೆಂಟಿಮೀಟರ್ ಚೌಕ, ಅಗಲವೂ ಅಷ್ಟೇ, ಎತ್ತರವೂ ಅಷ್ಟೇ. ಮಾರುಕಟ್ಟೆಯಲ್ಲಿ ಅದು ಉದ್ದುದ್ದ ಹಾಳೆಗಳಲ್ಲಿ ಸಿಗುತ್ತದೆ, ಅಂದರೆ ಎರಡೂ ಬದಿ ಕತ್ತರಿಸಿ ಬಿಸಾಕಿದ್ದಾರೆ. ಜಪಾನಿನ ಹೊಕುಸಾಯ್‌ನ ಮಹಾ ಅಲೆ ಸುಮಾರು 25 ಗುಣಿಲೆ 37 ಸೆಂಟಿಮೀಟರ್‌ನ ಮರದಚ್ಚಿನ ಹಾಳೆ, ತೊಡೆಯ ಮೇಲಿಟ್ಟು ನೋಡುವ ಅಳತೆಯದು. ಅದನ್ನು ಐದಡಿ ಮಾಡಿ ಹೊಳೆಯುವ ತಗಡಿಗೆ ಏರಿಸಿದರೆ ಚೆಂದವೇ ಕಾಣಬಹುದು, ಆದರೆ ಅದು ಬೇರೆಯೇ ವಸ್ತು. ಮೂಲ ಚಿತ್ರದ ಅಳತೆ ಯಾವ ವಸ್ತುಸಂಗ್ರಹಾಲಯದ ಪುಟದಲ್ಲೂ ಇರುತ್ತದೆ. ಉದ್ದವನ್ನು ಅಗಲದಿಂದ ಭಾಗಿಸಿ, ನೀವು ಕೊಳ್ಳುತ್ತಿರುವ ಹಾಳೆಯದನ್ನೂ ಭಾಗಿಸಿ. ಎರಡೂ ತಾಳೆಯಾಗದಿದ್ದರೆ ಎಲ್ಲಿ ಕತ್ತರಿ ಬಿದ್ದಿದೆ ಎಂದು ಕೇಳಿ.

ಯಾವ ಚಿತ್ರ ಲೋಹಕ್ಕೆ ಒಗ್ಗುತ್ತದೆ ಎಂಬುದನ್ನು ಯಾವ ಅಂಗಡಿಯವರೂ ಹೇಳುವುದಿಲ್ಲ. ಛಾಯಾಚಿತ್ರ, ಗಾಢ ಬಣ್ಣದ ತೈಲಚಿತ್ರ, ಕಪ್ಪು-ಬಿಳುಪಿನ ದಟ್ಟ ರೇಖೆ ಚೆನ್ನಾಗಿ ಬರುತ್ತವೆ. ಜಲವರ್ಣ, ಪೆನ್ಸಿಲ್, ಮಸಿಯ ತೆಳು ಲೇಪ ಸೊರಗುತ್ತವೆ. ಕಾಗದದ ನಾರು ಕೂಡ ಆ ಚಿತ್ರದ ಭಾಗವೇ. ವ್ಯಾನ್ ಗೋನ ಬಣ್ಣ ಕ್ಯಾನ್ವಾಸಿನ ಮೇಲೆ ಏಣು ಏಣಾಗಿ ನಿಂತಿದೆ, ತಗಡಿನ ಮೇಲೆ ಅದರ ಫೋಟೊ ಮಾತ್ರ ಬರುತ್ತದೆ. ಎಲ್ಲಕ್ಕಿಂತ ಕಷ್ಟ ಚಿನ್ನದ್ದು. ಯಾದಗಿರಿ ಜಿಲ್ಲೆಯ ಸುರಪುರದಲ್ಲಿ ನಾಯಕ ಅರಸರ ಆಶ್ರಯದಲ್ಲಿ ಬೆಳೆದ ಚಿಕಣಿ ಚಿತ್ರಗಳನ್ನು ನೋಡಿ, ಅವುಗಳಲ್ಲಿ ಚಿನ್ನ ಬೆಳಕಿಗೆ ತಕ್ಕಂತೆ ಮಿನುಗುತ್ತದೆ. ಫೋಟೊ ತೆಗೆದು ಬಿಳಿ ತಳದ ಹಾಳೆಗೆ ಅಚ್ಚು ಹಾಕಿದರೆ ಆ ಚಿನ್ನ ಸಾಸಿವೆ ಬಣ್ಣಕ್ಕೆ ತಿರುಗುತ್ತದೆ. ಬಿಳಿ ತಳವಿಲ್ಲದ, ಅಲ್ಯೂಮಿನಿಯಂ ನೇರ ಕಾಣುವ ಹಾಳೆಯೂ ಸಿಗುತ್ತದೆ. ಅದರಲ್ಲಿ ಹಳದಿಯ ಹಿಂದಿನಿಂದ ಲೋಹ ಮಿನುಗಿ ಚಿನ್ನದ ಭ್ರಮೆ ಹುಟ್ಟುತ್ತದೆ. ಆದರೆ ಆ ಹಾಳೆಯಲ್ಲಿ ಬಿಳುಪು ಎಂಬುದೇ ಇಲ್ಲ, ಬಿಳಿ ಇರಬೇಕಾದಲ್ಲೆಲ್ಲ ಬೆಳ್ಳಿ. ಬಿಳಿ ಧೋತರ ಉಟ್ಟವರೆಲ್ಲ ತಗಡಿನ ಧೋತರದಲ್ಲಿ ನಿಲ್ಲುತ್ತಾರೆ. ಎರಡರಲ್ಲಿ ಯಾವುದೆಂದು ಚಿತ್ರ ನೋಡಿ ನಿರ್ಧರಿಸಬೇಕು, ಸಣ್ಣದೊಂದು ಸ್ಯಾಂಪಲ್ ಹಾಕಿಸಿ ನೋಡುವುದು ಇನ್ನೂ ಮೇಲು.

ಅಚ್ಚಿನ ಚಿತ್ರವೆಂದರೆ ಕೀಳು ಎಂಬ ಮಾತನ್ನು ನಾನು ಒಪ್ಪುವುದಿಲ್ಲ. ರಾಜಾ ರವಿವರ್ಮ 1894ರಲ್ಲಿ ಮುಂಬೈಯಲ್ಲಿ ಅಚ್ಚುಕೂಟ ಹಾಕಿಸಿದ. ಅಲ್ಲಿಂದ ಹೊರಟ ಲಕ್ಷ್ಮಿ, ಸರಸ್ವತಿಯರು ಜಗಲಿಯ ಮೇಲಿನ ದೇವರಾದರು. ಒಂದೊಂದು ಬಣ್ಣಕ್ಕೆ ಒಂದೊಂದು ಕಲ್ಲು ಹಿಡಿದು ಒತ್ತಿದ ಆ ಓಲಿಯೋಗ್ರಾಫ್‌ಗಳನ್ನು ಈಗ ಹರಾಜಿನಲ್ಲಿ ಕೊಳ್ಳುವವರಿದ್ದಾರೆ. ಕಲಬುರಗಿಯವರೇ ಆದ ಎಸ್.ಎಂ. ಪಂಡಿತ್ ಅವರನ್ನು ದೇಶ ಅರಿತದ್ದು ಸಿನಿಮಾ ಪೋಸ್ಟರು, ಕ್ಯಾಲೆಂಡರುಗಳ ಮೂಲಕ. 1916ರಲ್ಲಿ ಹುಟ್ಟಿ 1993ರಲ್ಲಿ ತೀರಿಕೊಂಡ ಅವರ ಹೆಸರಿನ ರಂಗಮಂದಿರ ನಮ್ಮೂರಲ್ಲೇ ಇದೆ. ಅವರ ಕ್ಯಾಲೆಂಡರಿನ ಶಿವ, ಕೃಷ್ಣರನ್ನು ಕಟ್ಟು ಹಾಕಿಸಿ ಇಟ್ಟುಕೊಂಡ ಮನೆಗಳು ಎಷ್ಟೋ. ಪ್ರತಿಯಿಂದ ಕಲೆಗೆ ಮುಪ್ಪು ಬರುವುದಿಲ್ಲ. ಪ್ರತಿ ಯಾರು ಮಾಡುತ್ತಾರೆ, ಅದರ ದುಡ್ಡು ಯಾರಿಗೆ ಹೋಗುತ್ತದೆ ಎಂಬುದಷ್ಟೇ ಪ್ರಶ್ನೆ.

ಅದಕ್ಕೆ ಕಾನೂನಿನ ಉತ್ತರವಿದೆ. ಭಾರತದ 1957ರ ಕೃತಿಸ್ವಾಮ್ಯ ಕಾಯ್ದೆಯ ಪ್ರಕಾರ ಕಲಾವಿದ ತೀರಿಕೊಂಡ ವರ್ಷದ ಮುಂದಿನ ಜನವರಿಯಿಂದ 60 ವರ್ಷ ಚಿತ್ರದ ಹಕ್ಕು ಉಳಿಯುತ್ತದೆ. ರವಿವರ್ಮ 1906ರಲ್ಲಿ, ಅಮೃತಾ ಶೇರ್‌ಗಿಲ್ 1941ರಲ್ಲಿ ತೀರಿಕೊಂಡರು, ಅವರ ಚಿತ್ರಗಳು ಎಲ್ಲರ ಸ್ವತ್ತು. ನಂದಲಾಲ್ ಬೋಸ್ ತೀರಿಕೊಂಡದ್ದು 1966ರಲ್ಲಿ, ಅವರವು ಮುಕ್ತವಾಗುವುದು 2027ರ ಜನವರಿ 1ರಿಂದ. ಜಾಮಿನಿ ರಾಯ್ ಚಿತ್ರಗಳಿಗೆ 2032 ಮುಗಿಯಬೇಕು, ಎಂ.ಎಫ್. ಹುಸೇನ್ ಚಿತ್ರಗಳಿಗೆ 2071. ಆದರೂ ಜಾಮಿನಿ ರಾಯ್‌ನ ದೊಡ್ಡ ಕಣ್ಣಿನ ಹೆಂಗಸರು, ಹುಸೇನ್‌ರ ಕುದುರೆಗಳು ಯಾವ ಸಂಕೋಚವೂ ಇಲ್ಲದೆ ತಗಡಿನ ಮೇಲೆ ಮಾರಾಟವಾಗುತ್ತವೆ. ಪಂಡಿತ್ ಅವರ ಚಿತ್ರಗಳ ಹಕ್ಕು 2053ರ ಕೊನೆಯವರೆಗೆ ಇದೆ. ಒಂದು ಸೂಕ್ಷ್ಮವೂ ಉಂಟು: ದುಡ್ಡು ಕೊಟ್ಟು ಬರೆಸಿಕೊಂಡ ಚಿತ್ರವಾದರೆ, ಬೇರೆ ಒಪ್ಪಂದ ಇಲ್ಲದಿದ್ದಲ್ಲಿ, ಬರೆಸಿದವರೇ ಮೊದಲ ಒಡೆಯರು ಎನ್ನುತ್ತದೆ ಅದೇ ಕಾಯ್ದೆ. ಹಾಗಾಗಿ ಕ್ಯಾಲೆಂಡರಿಗೆಂದು ಬರೆದ ಒಂದು ಚಿತ್ರದ ಹಕ್ಕು ಕಲಾವಿದರ ಮನೆಯವರದ್ದೂ ಆಗಿರಬಹುದು, ಕಂಪನಿಯದ್ದೂ ಆಗಿರಬಹುದು. ಸ್ಕ್ಯಾನ್ ಮಾಡಿ ತಗಡಿಗೆ ಏರಿಸುವ ಅಂಗಡಿಯದ್ದಂತೂ ಅಲ್ಲ.

ಹಕ್ಕು ಮುಗಿದ ಚಿತ್ರಗಳಿಗಾದರೆ ಮಾರುವವನ ಫೈಲನ್ನು ನೆಚ್ಚಬೇಕಾಗಿಯೇ ಇಲ್ಲ. ನ್ಯೂಯಾರ್ಕಿನ ಮೆಟ್ರೊಪಾಲಿಟನ್ ವಸ್ತುಸಂಗ್ರಹಾಲಯ 2017ರಿಂದ, ಕ್ಲೀವ್‌ಲ್ಯಾಂಡ್ ವಸ್ತುಸಂಗ್ರಹಾಲಯ 2019ರಿಂದ ತಮ್ಮ ಸಂಗ್ರಹದ ಮುಕ್ತ ಚಿತ್ರಗಳನ್ನು ದೊಡ್ಡ ಅಳತೆಯಲ್ಲೇ ಬಿಟ್ಟಿ ಕೊಡುತ್ತಿವೆ, ಮಾರಾಟಕ್ಕೆ ಬಳಸಿದರೂ ಅಡ್ಡಿಯಿಲ್ಲ. ಆಮ್ಸ್ಟರ್‌ಡ್ಯಾಮಿನ ರೈಕ್ಸ್ ಮ್ಯೂಸಿಯಂದೂ ಹೀಗೆಯೇ. ಪುಟದಲ್ಲಿ ಪಬ್ಲಿಕ್ ಡೊಮೇನ್ ಅಥವಾ ಓಪನ್ ಆಕ್ಸೆಸ್ ಎಂಬ ಗುರುತು ಇದೆಯೇ ನೋಡಿ ಇಳಿಸಿಕೊಂಡರೆ ಆಯಿತು. ನಮ್ಮವರಿಗೆ ಇದರಲ್ಲಿ ಬೇರೆಯೇ ಲಾಭವಿದೆ: ಮೆಟ್ರೊಪಾಲಿಟನ್‌ನಲ್ಲಿ ದಖ್ಖನಿ ಸುಲ್ತಾನರ ಕಾಲದ ಚಿತ್ರಗಳೂ ಬಿದರಿ ಪಾತ್ರೆಗಳೂ ಇವೆ. ವ್ಯಾನ್ ಗೋನ ಹೊಲಕ್ಕಿಂತ ವಿಜಯಪುರದ ಆಸ್ಥಾನದ ಒಂದು ಚಿತ್ರ ಕಲಬುರಗಿಯ ಗೋಡೆಗೆ ಚೆನ್ನಾಗಿ ಕೂರುತ್ತದೆಂದು ನನಗನ್ನಿಸುತ್ತದೆ, ರುಚಿ ಅವರವರದು. ಫೈಲು ಪೆನ್‌ಡ್ರೈವಿನಲ್ಲಿ ಹಾಕಿಕೊಂಡು ಹೋಗಿ, ಅಚ್ಚಿನ ಕೂಲಿ ಚದರ ಅಡಿ ಲೆಕ್ಕದಲ್ಲಿ ಕೇಳಿ. ಚಿತ್ರಕ್ಕೆ ಬೇರೆ, ಹಾಳೆಗೆ ಬೇರೆ ಎಂದು ಎರಡು ಸಲ ದುಡ್ಡು ಹೋಗುವುದು ಇದರಿಂದ ತಪ್ಪುತ್ತದೆ.

ಕುದುರೆಗಳ ವಿಚಾರ ಬಿಟ್ಟಿದ್ದೆ. ಓಡುವ ಏಳು ಕುದುರೆಯ ಚಿತ್ರಗಳಲ್ಲಿ ಈಗ ಬಹಳಷ್ಟು ಯಾರೂ ಬರೆಯದವು, ಕೃತಕ ಬುದ್ಧಿಮತ್ತೆಯ ತಂತ್ರಾಂಶ ಹೆಣೆದವು. ತಪ್ಪೇನಲ್ಲ, ಆದರೆ ಕೈಚಿತ್ರದ ಪ್ರತಿ ಎಂದು ಹೇಳಿ ಮಾರಬಾರದು. ಕೊಳ್ಳುವ ಮುನ್ನ ಕಾಲು ಎಣಿಸಿ. ಇಪ್ಪತ್ತೆಂಟಕ್ಕಿಂತ ಹೆಚ್ಚಿದ್ದರೆ ವಾಸ್ತು ಏನು ಹೇಳುತ್ತದೋ ಗೊತ್ತಿಲ್ಲ.

ಬೀದರಿನವರು ಈ ಇಡೀ ಚರ್ಚೆಯನ್ನು ಓದಿ ನಕ್ಕರೆ ಆಶ್ಚರ್ಯವಿಲ್ಲ. ಲೋಹದ ಮೇಲೆ ಚಿತ್ರ ಬಿಡಿಸುವುದು ಅವರ ಓಣಿಯ ಕಸುಬು. ಸತುವಿಗೆ ತುಸು ತಾಮ್ರ ಬೆರೆಸಿ ಎರಕ ಹೊಯ್ದು, ಉಳಿಯಿಂದ ಗೆರೆ ಕೆತ್ತಿ, ಬೆಳ್ಳಿ ತಂತಿ ಕೂರಿಸಿ, ಕೋಟೆಯ ಮಣ್ಣು ನವಸಾಗರ ಬೆರೆಸಿದ ನೀರಿನಲ್ಲಿ ಅದ್ದಿ ಕಪ್ಪು ಬರಿಸುವ ಬಿದರಿಗೆ 2006ರಲ್ಲಿ ಜಿಐ, ಅಂದರೆ ಭೌಗೋಳಿಕ ಸೂಚಕದ ಗುರುತು ಸಿಕ್ಕಿದೆ. ಆ ಕಸುಬಿನ ಶಾ ರಶೀದ್ ಅಹ್ಮದ್ ಖಾದ್ರಿ ಅವರಿಗೆ 2023ರಲ್ಲಿ ಪದ್ಮಶ್ರೀ ಬಂತು. ಮೂರಡಿ ಅಲ್ಯೂಮಿನಿಯಂ ಚಿತ್ರಕ್ಕೂ ಗೋಡೆಗೆ ಹಾಕುವ ಅಂಗೈಯಗಲದ ಬಿದರಿ ತಟ್ಟೆಗೂ ಬೆಲೆ ಹೋಲಿಸುವುದು ನ್ಯಾಯವಲ್ಲ, ಒಂದು ಯಂತ್ರದ್ದು, ಒಂದು ಕೈಯದು. ಆದರೆ ಬಿದರಿ ವಿನ್ಯಾಸದ ಫೋಟೊವನ್ನೇ ತಗಡಿಗೆ ಅಚ್ಚು ಹಾಕಿ "ಬಿದರಿ ಮೆಟಲ್ ಆರ್ಟ್" ಎಂದು ಮಾರಿದರೆ ಅದು ಚೆಂದದ ಮಾತಲ್ಲ, ಜಿಐ ಕಾನೂನಿಗೂ ಒಪ್ಪಿಗೆಯಾಗುವ ಮಾತಲ್ಲ.

ಸರಕು ಹೇಳಿದ ಹಾಗಿಲ್ಲದಿದ್ದರೆ ಸುಮ್ಮನಿರಬೇಕಾಗಿಲ್ಲ. ಆನ್‌ಲೈನ್ ವ್ಯಾಪಾರಕ್ಕೆ 2020ರ ಇ-ಕಾಮರ್ಸ್ ನಿಯಮಗಳು ಅನ್ವಯಿಸುತ್ತವೆ. ದೂರು ಕೊಟ್ಟ 48 ಗಂಟೆಯೊಳಗೆ ತಲುಪಿದೆ ಎಂದು ತಿಳಿಸಬೇಕು, ಒಂದು ತಿಂಗಳೊಳಗೆ ಪರಿಹರಿಸಬೇಕು. ಆಗದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915. ಮಾರಿದವನು ದಿಲ್ಲಿಯಲ್ಲಿರಲಿ ಸೂರತ್‌ನಲ್ಲಿರಲಿ, ನೀವಿರುವ ಜಿಲ್ಲೆಯ ಗ್ರಾಹಕರ ಆಯೋಗದಲ್ಲೇ ದೂರು ಹಾಕಬಹುದು, 5 ಲಕ್ಷ ರೂಪಾಯಿವರೆಗಿನ ವ್ಯವಹಾರಕ್ಕೆ ಶುಲ್ಕವಿಲ್ಲ. ನೀವೇ ಕೊಟ್ಟ ಫೋಟೊ ಅಚ್ಚು ಹಾಕಿಸಿದ್ದರೆ ವಾಪಸ್ ತೆಗೆದುಕೊಳ್ಳಲು ಬಹುತೇಕ ಯಾರೂ ಒಪ್ಪುವುದಿಲ್ಲ, ಅದಕ್ಕೇ ಬಿಲ್ಲಿನಲ್ಲಿ ಮೂರು ಸಂಗತಿ ಬರೆಸಿಕೊಳ್ಳಿ: ಹಾಳೆ ಯಾವ ಲೋಹ ಮತ್ತು ದಪ್ಪ ಎಷ್ಟು, ಸಬ್ಲಿಮೇಷನ್ನೋ ಯುವಿಯೋ ವಿನೈಲೋ, ಚಿತ್ರ ಯಾರದು. ಬರೆದುಕೊಡಲು ಹಿಂಜರಿಯುವ ಅಂಗಡಿಯಲ್ಲಿ ಕೊಳ್ಳದಿದ್ದರೆ ನಷ್ಟವೇನಿಲ್ಲ.

ಇಷ್ಟೆಲ್ಲ ತಲೆಬಿಸಿ ಬೇಡ ಎನ್ನುವವರಿಗೆ ಹತ್ತಿರದ ದಾರಿಯೊಂದಿದೆ. ಕಲಬುರಗಿಯಲ್ಲಿ ಎಂ.ಎಂ.ಕೆ. ದೃಶ್ಯಕಲಾ ಮಹಾವಿದ್ಯಾಲಯದಂಥ ಸಂಸ್ಥೆ ಇದೆ, ಕಲಿತು ಹೊರಬಂದು ಇಲ್ಲೇ ಬರೆಯುತ್ತಿರುವ ಕಲಾವಿದರಿದ್ದಾರೆ. ಮೂಲ ಚಿತ್ರ ಕೊಳ್ಳುವ ಶಕ್ತಿ ಇಲ್ಲದಿದ್ದರೆ ಪ್ರತಿಯ ಹಕ್ಕು ಕೇಳಬಹುದು. ಚಿತ್ರದ ಒಳ್ಳೆಯ ಫೋಟೊ ಅವರೇ ತೆಗೆಸಿ ಕೊಡುತ್ತಾರೆ, ಬಣ್ಣ ಮೂಲಕ್ಕೆ ಹೊಂದುತ್ತದೆಯೇ ಎಂದು ಅಚ್ಚಿನ ಅಂಗಡಿಯಲ್ಲಿ ನಿಂತು ನೋಡಲೂ ಅವರೇ ಸಿಗುತ್ತಾರೆ. ಎಷ್ಟು ಪ್ರತಿ, ಯಾವ ಅಳತೆ, ಪ್ರತಿಯೊಂದಕ್ಕೆ ಎಷ್ಟು ದುಡ್ಡು ಎಂದು ಒಂದು ಚೀಟಿಯಲ್ಲಿ ಬರೆದು ಇಬ್ಬರೂ ಸಹಿ ಹಾಕಿದರೆ ಮುಗಿಯಿತು. ಹಾಳೆಯ ಹಿಂಬದಿಗೆ ಕಲಾವಿದರ ಸಹಿ, ಪ್ರತಿಯ ಸಂಖ್ಯೆ ಹಾಕಿಸಿಕೊಳ್ಳುವುದನ್ನು ಮರೆಯಬೇಡಿ, ಅಲ್ಯೂಮಿನಿಯಂ ಮೇಲೆ ಪರ್ಮನೆಂಟ್ ಮಾರ್ಕರ್ ಚೆನ್ನಾಗಿ ಹಿಡಿಯುತ್ತದೆ.